ಸೂಜಿದಾರ ಅಂಗಡಿಯ ಬೋರ್ಡು

ಅವಳು ಕುಳಿತಿದ್ದನ್ನು ಕಂಡವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಊಟವೂ ನಿಂತೇ, ಅದೂ ತಟ್ಟೆ ಹಿಡಿದುಕೊಂಡು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ ತಿರುಗುತ್ತ. ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಹೆಂಗಸು. ಅಲ್ಲಿನ ಹುಡುಗಿಯರು ಅವಳಿಗೆ ಬಿರುಗಾಳಿ ಎಂದು ಹೆಸರಿಟ್ಟಿದ್ದರು. ಆ ಹೆಸರು ಹಾಸ್ಟೆಲಿನ ಗೇಟು ದಾಟಿ ಬೀದಿಗೆ ಬಂತು, ತರಕಾರಿಯವನ ಬಾಯಿಗೆ ಬಿತ್ತು, ಕೊನೆಗೆ ಅವಳ ಒಡಹುಟ್ಟಿದ ತಮ್ಮನೇ ಫೋನಿನಲ್ಲಿ ಅವಳ ನಂಬರನ್ನು ಹಾಗೆ ಬರೆದಿಟ್ಟುಕೊಂಡ. ಅವಳಿಗೆ ಇದೆಲ್ಲ ಗೊತ್ತಿತ್ತು. ಬೇಜಾರೇನೂ ಇರಲಿಲ್ಲ. ಬೇಜಾರು ಮಾಡಿಕೊಳ್ಳುವುದಕ್ಕೂ ಒಂದು ಕಡೆ ಕೂರಬೇಕಲ್ಲ!

ಅಡುಗೆಯಲ್ಲೂ ಅದೇ ಚಡಪಡಿಕೆ. ಹಂಡೆಯಲ್ಲಿ ಅನ್ನ ಬೇಯುತ್ತಿದ್ದರೆ ಮುಚ್ಚಳ ಎತ್ತುವಳು, ಒಂದು ಅಗುಳು ಹಿಚುಕುವಳು, ಮುಚ್ಚುವಳು, ಎರಡು ಹೆಜ್ಜೆ ಹೋಗಿ ಮತ್ತೆ ಬಂದು ಎತ್ತುವಳು. ಹಬೆಯೆಲ್ಲ ಹೋಗುತ್ತದೆ, ಬೇಯುವುದು ತಡವಾಗುತ್ತದೆ ಎಂದು ಯಾರಾದರೂ ಅಂದರೆ, "ನೋಡದೆ ಹೇಗ್ರೀ ಗೊತ್ತಾಗುತ್ತೆ? ನಾನೇನು ಹಂಡೆ ಒಳಗೆ ಹೋಗಿ ಕೂತಿದೀನಾ?" ಎಂದು ಮೇಲೆ ಬೀಳುವಳು. ಅವಳ ಅನ್ನ ಒಂದು ದಿನವೂ ಸೀದದ್ದಿಲ್ಲ. ಹಾಗಾಗಿ ಅವಳ ಜೊತೆ ವಾದಕ್ಕೆ ನಿಲ್ಲುವ ಧೈರ್ಯ ಯಾರಿಗೂ ಇರಲಿಲ್ಲ.

ಇಂಥವಳಿಗೆ ಗಂಟು ಬಿದ್ದವನು ಬೋರ್ಡು ಬರೆಯುವವನು. ಎಲ್ಲರೂ ಅವನನ್ನು ಕರೆಯುವುದು ಪೇಂಟರ್ ಎಂದೇ. ಹಾಸ್ಟೆಲಿನ ಊಟದ ಕೋಣೆಯ ಗೋಡೆಯ ಮೇಲೆ 'ಅನ್ನ ಚೆಲ್ಲಬೇಡಿ' ಎಂದು ಬರೆಯಲು ಬಂದವನು ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ 'ಅ' ಒಂದನ್ನೇ ತೀಡುತ್ತ ಕೂತಿದ್ದ. ಅವಳಿಗೆ ತಡೆಯಲಾಗಲಿಲ್ಲ. "ಹೀಗೇ ಬರೀತಾ ಇದ್ರೆ ನೀವು 'ಚೆಲ್ಲಬೇಡಿ'ಗೆ ಬರೋಷ್ಟರಲ್ಲಿ ಹುಡುಗಿಯರೆಲ್ಲ ಓದು ಮುಗಿಸಿ ಮನೆ ಸೇರಿರ್ತಾರೆ!" ಅಂದಳು. ಅವನು ಕುಂಚ ಎತ್ತದೆ, ತಿರುಗಿಯೂ ನೋಡದೆ, "ಅವರು ಹೋದ್ರೂ ಅಕ್ಷರ ಇರುತ್ತೆ ಬಿಡಿ" ಅಂದ. ಅಷ್ಟೇ ಮಾತು. ಅವತ್ತು ಅವಳು ಅವನಿಗೆಂದು ಒಂದು ತಟ್ಟೆ ಊಟ ತೆಗೆದಿಟ್ಟಳು. ಆಮೇಲಿನದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಕ್ಕಳಾಗಲಿಲ್ಲ. ಅವಳು ಓಡಾಡಿದಳು, ಅವನು ಬರೆದ. ಬೀದಿಯ ಔಷಧಿ ಅಂಗಡಿ, ಕ್ಷೌರದ ಅಂಗಡಿ, ಶಾಲೆಯ ಕಮಾನು, ಎಲ್ಲ ಕಡೆ ಅವನ ದುಂಡನೆಯ ಅಕ್ಷರ. ಬೆಳಕಿಗೆ ಯಾರಾದರೂ ಅಡ್ಡ ನಿಂತರೆ ಮಾತ್ರ ಏಣಿಯ ಮೇಲಿಂದ ಇಡೀ ಬೀದಿಗೆ ಕೇಳುವಂತೆ ಗದರುವನು. ಅವಳು ಹಾಸ್ಟೆಲಿಗೆ ಹೋಗುವ ದಾರಿಯುದ್ದಕ್ಕೂ ಗಂಡನ ಕೈಯನ್ನು ನೋಡಿಕೊಂಡೇ ಹೋಗುವಳು. ಬಾಯಲ್ಲಿ ಮಾತ್ರ, "ಸೋಮಾರಿ ಅಕ್ಷರಗಳು, ಹೇಗೆ ಕಾಲು ಚಾಚ್ಕೊಂಡು ಕೂತಿದಾವೆ ನೋಡು" ಎಂದು ಬೈಯುವಳು.

ಆ ಕೈ ನಡುಗಲು ಶುರುವಾಯಿತು. ಮೊದಮೊದಲು ಕಾಫಿ ಲೋಟ ತಟ್ಟೆಗೆ ತಾಗಿ ಟಣಟಣ ಎನ್ನುತ್ತಿತ್ತು, ಇಬ್ಬರೂ ನಕ್ಕರು. ಆಮೇಲೆ ಅಂಗಿಯ ಗುಂಡಿ ಹಾಕಿಕೊಳ್ಳಲು ಹೆಣಗಾಟ. ಡಾಕ್ಟರು ನೋಡಿ, ಇದು ಪ್ರಾಣಕ್ಕೆ ಅಪಾಯದ ನಡುಕವಲ್ಲ, ಆದರೆ ಪೂರ್ತಿ ಹೋಗುವುದೂ ಇಲ್ಲ, ಮುಂದೆ ಹೆಚ್ಚಲೂಬಹುದು, ಮಾತ್ರೆಯಿಂದ ಸ್ವಲ್ಪ ಹಿಡಿತಕ್ಕೆ ಬರಬಹುದು ಎಂದರು. ಮಾತ್ರೆ ನುಂಗಿಕೊಂಡೇ ಅವನು ದರ್ಜಿಯ ಹೊಸ ಅಂಗಡಿಗೆ ಬೋರ್ಡು ಬರೆಯಲು ಏಣಿ ಹತ್ತಿದ. 'ಸೂಜಿದಾರ' ಎಂಬುದು ಅಂಗಡಿಯ ಹೆಸರು. ಮೊದಲ ಅಕ್ಷರದ ಬಾಲ ಎಳೆಯುವಾಗ ಕುಂಚ ಅವನ ಮಾತು ಕೇಳಲಿಲ್ಲ. ಒರೆಸಿ ಮತ್ತೆ ಎಳೆದ. ಮತ್ತೆ ಒರೆಸಿದ. ಕೆಳಗೆ ಜನ ನಿಂತು ತಲೆಯೆತ್ತಿ ನೋಡುತ್ತಿದ್ದರು. ಯಾರೂ ನಗಲಿಲ್ಲ, ಅದೇ ಅವನಿಗೆ ಸಹಿಸಲಾಗಲಿಲ್ಲ. ಏಣಿಯಿಂದ ಇಳಿದ, ಕುಂಚ ತೊಳೆದ, ಮನೆಗೆ ಬಂದು ಮುಂದಿನ ಕೋಣೆಯ ಕುರ್ಚಿಯಲ್ಲಿ ಕೂತ. ಕೂತವನು ಏಳಲೇ ಇಲ್ಲ.

ಅಂದರೆ ಊಟಕ್ಕೆ ಏಳುತ್ತಿದ್ದ, ಮಲಗಲು ಏಳುತ್ತಿದ್ದ. ಆದರೆ ಅದನ್ನು ಏಳುವುದು ಎನ್ನುತ್ತಾರೆಯೇ? ಬಾಯಿಗೆ ಬೀಗ ಬಿದ್ದಿತ್ತು. ಅವಳು ಬೈದರೆ ಬೈಸಿಕೊಂಡ, ಅತ್ತರೆ ನೋಡಿದ. ಕಸ ಗುಡಿಸುವಾಗ ಕಾಲು ಎತ್ತಿ ಎಂದರೆ ಎತ್ತಿದ. ಸಾಮಾನು ಸರಂಜಾಮಿನ ಹಾಗೆ ಆಗಿಹೋದನಲ್ಲ ಎಂದು ಅವಳ ಕರುಳು ಕಿತ್ತು ಬರುತ್ತಿತ್ತು. ಕಿತ್ತು ಬಂದಷ್ಟೂ ಓಡಾಟ ಹೆಚ್ಚಾಯಿತು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು, ಒಣಗಿದ ಬಟ್ಟೆಯನ್ನು ತಿರುಗಿಸಿ ಹಾಕಿದಳು. ಗೋಡೆ ಗಡಿಯಾರವನ್ನು ಎರಡು ಸಲ ಜಾಗ ಬದಲಿಸಿದಳು, ಪಾಪದ ಗಡಿಯಾರ.

ಹೀಗಿರುವಾಗ ದರ್ಜಿ ಬಂದ. ಒಳ್ಳೆಯ ಮನುಷ್ಯ, ಬಾಗಿಲಲ್ಲೇ ನಿಂತು ತಲೆ ಕೆರೆದುಕೊಂಡ. "ಅಕ್ಕ, ಪೇಂಟರ್ ಕೈಯ ಬೋರ್ಡೇ ಬೇಕು ಅಂತ ಇಷ್ಟು ದಿನ ಕಾದೆ. ಆದ್ರೆ ಬೋರ್ಡಿಲ್ಲದ ಅಂಗಡೀನ ಜನ ಗೋಡೌನ್ ಅಂದ್ಕೊಂಡು ಹೋಗ್ತಿದಾರೆ. ಸೋಮವಾರ ಪ್ರಿಂಟ್ ಹಾಕಿಸಿಬಿಡ್ತೀನಿ, ಬೇಜಾರು ಮಾಡ್ಕೋಬೇಡಿ" ಅಂದ. ಕುರ್ಚಿಯಿಂದ ದನಿ ಬಂತು: "ಹಾಕಿಸ್ಕೊಳ್ಳಲಿ. ನನ್ನ ಕುಂಚಗಳನ್ನೂ ಯಾರಿಗಾದ್ರೂ ಕೊಟ್ಟುಬಿಡು. ಇಟ್ಕೊಂಡು ಏನು ಮಾಡೋದಿದೆ."

ಆ ಒಂದು ಬೋರ್ಡಿನ ಮೇಲೇ ಅವನು ಸೋತಿದ್ದು. ಅದು ಬೇರೆಯವರ ಪಾಲಾದರೆ ಈ ಮನುಷ್ಯ ಇನ್ನು ಏಳುವುದಿಲ್ಲ, ಇಲ್ಲೇ ಹೀಗೇ ಕೂತು ಮುದುಕನಾಗಿ ಹೋಗುತ್ತಾನೆ ಎಂದು ಅವಳಿಗೆ ಖಚಿತವಾಯಿತು. "ಸೋಮವಾರ ತಾನೆ? ಅಲ್ಲೀವರೆಗೂ ಯಾರ ಹತ್ರಾನೂ ಹೋಗಬೇಡಿ. ಬೋರ್ಡು ನಾನು ಕೊಡ್ತೀನಿ" ಎಂದುಬಿಟ್ಟಳು. ಹೇಗೆ ಕೊಡುತ್ತಾಳೆ, ಏನು ಕೊಡುತ್ತಾಳೆ, ಅವಳಿಗೇ ಗೊತ್ತಿರಲಿಲ್ಲ.

ಗೊತ್ತಿದ್ದವನು ಅವಳ ತಮ್ಮ. ಲಿಫ್ಟ್ ರಿಪೇರಿ ಅವನ ಕೆಲಸ, ಹೊಸ ಹುಚ್ಚು ಹಿಡಿಸಿಕೊಳ್ಳುವುದು ಅವನ ಹವ್ಯಾಸ. ಒಮ್ಮೆ ಬಣ್ಣದ ಮೀನು ಸಾಕಿದ, ಮೀನು ಸತ್ತವು. ಆಮೇಲೆ ಕ್ಯಾಮೆರಾ ಕೊಂಡ, ಅದು ಕಪಾಟು ಸೇರಿತು. ಈಚೆಗೆ ಪುಟ್ಟ ಲೇಸರ್ ಯಂತ್ರವೊಂದನ್ನು ತರಿಸಿ, ಸಿಕ್ಕಿದ ಹಲಗೆಯ ಮೇಲೆಲ್ಲ ತನ್ನ ಮುಖವನ್ನೇ ಸುಟ್ಟು ಬರೆದು, ಹೆಂಡತಿಯಿಂದ ಬೈಸಿಕೊಂಡು ಅದನ್ನೂ ಮಂಚದ ಕೆಳಗೆ ತಳ್ಳಿದ್ದ. ಅಕ್ಕನ ಫೋನು ಬಂದದ್ದೇ ತಡ, ಶನಿವಾರ ಯಂತ್ರವನ್ನು ಹೊತ್ತು ಹಾಜರಾದ.

ನೋಡಲು ಏನೂ ಇಲ್ಲ. ನಾಲ್ಕು ಕಂಬಿಗಳ ಚೌಕಟ್ಟು, ಅದರ ಮೇಲೆ ಅತ್ತಿತ್ತ ಜಾರುವ ಒಂದು ತಲೆ, ತಲೆಯಿಂದ ಸೂಜಿಮೊನೆಯಷ್ಟು ನೀಲಿ ಬೆಳಕು. ಆ ಬೆಳಕು ತೆಳು ಪ್ಲೈವುಡ್ಡನ್ನು ಸುಟ್ಟುಕೊಂಡು ಇಳಿಯುತ್ತದೆ. ಒಂದೇ ಏಟಿಗಲ್ಲ, ಮೊದಲ ಸುತ್ತಿಗೆ ಮೇಲಿನ ಪದರ, ಎರಡನೆಯದಕ್ಕೆ ನಡುವಿನದು, ಮೂರನೆಯದಕ್ಕೆ ತಳ. ಹೊಗೆ ಹೊರಗೆ ಹೋಗಲೆಂದು ಹಿಂದಿನ ಕೋಣೆಯ ಕಿಟಕಿಯ ಬಳಿ ಯಂತ್ರ ಇಟ್ಟರು. ಸುಡುವ ಜಾಗಕ್ಕೆ ಗಾಳಿ ಊದಲು ಸತ್ತ ಮೀನುಗಳ ತೊಟ್ಟಿಯ ಪಂಪು ಬಂತು. ಹಲಗೆ ಸೊಟ್ಟಗಿತ್ತು, ನಾಲ್ಕು ಮೂಲೆಗೆ ನಾಲ್ಕು ತೂಕದ ಕಲ್ಲು ಹೇರಿದಳು. ಕಣ್ಣಿಗೆ ಕಿತ್ತಳೆ ಬಣ್ಣದ ಕನ್ನಡಕ ಹಾಕಿಕೊಂಡು ತಮ್ಮ, "ಈಗ ನೋಡಕ್ಕ!" ಎಂದು ಕಂಪ್ಯೂಟರಿನ ಅಕ್ಷರದಲ್ಲಿ 'ಸೂ' ಕತ್ತರಿಸಿ, ಮುಂದಿನ ಕೋಣೆಗೆ ಒಯ್ದು ಭಾವನ ಕೈಗಿಟ್ಟ.

ಪೇಂಟರ್ ಅದನ್ನು ಮಗುಚಿ ನೋಡಿದ. "ಯಾರ ಅಕ್ಷರ ಇದು?"

"ಕಂಪ್ಯೂಟರಿಂದು ಭಾವ."

"ಅದಕ್ಕೇ ಹಸಿದವರ ಹಾಗಿದೆ" ಎಂದು ವಾಪಸು ಕೊಟ್ಟ.

ಎಷ್ಟೋ ದಿನದ ಮೇಲೆ ಅವನು ಒಂದು ಮಾತನ್ನು ಖಾರವಾಗಿ ಆಡಿದ್ದ! ಅವಳು ಬಿಡುತ್ತಾಳೆಯೇ? ಬಿಸಿ ಇದ್ದಾಗಲೇ ದೊಡ್ಡ ಕಾಗದ, ದಪ್ಪ ಪೆನ್ಸಿಲು ತಂದು ತೊಡೆಯ ಮೇಲಿಟ್ಟಳು. "ಹಾಗಾದ್ರೆ ಹೊಟ್ಟೆ ತುಂಬಿದ್ದು ಹೇಗಿರುತ್ತೆ ತೋರಿಸಿ. ಇಲ್ದಿದ್ರೆ ಇದನ್ನೇ ಅಂಟಿಸ್ತೀನಿ, ಕೆಳಗೆ ನಿಮ್ಮ ಹೆಸರೂ ಬರೆಸ್ತೀನಿ." ಅವನು ಅವಳನ್ನೇ ದುರುಗುಟ್ಟಿ ನೋಡಿ ಬರೆದ. ನಾಲ್ಕೂ ಅಕ್ಷರ ಬರೆದ. ಹೊಟ್ಟೆ, ಬಾಲ, ನಡು, ಎಲ್ಲ ಅವನದೇ. ಆದರೆ ಗೆರೆಯುದ್ದಕ್ಕೂ ನಡುಕ, ಕಂಬಳಿಹುಳ ತೆವಳಿದ ಹಾಗೆ. ಮುಗಿಸಿ ತಾನೇ ನೋಡಿಕೊಂಡ, ಪೆನ್ಸಿಲನ್ನು ನೆಲಕ್ಕೆಸೆದ.

ತಮ್ಮ ಕಾಗದದ ಫೋಟೋ ತೆಗೆದು ಲ್ಯಾಪ್‌ಟಾಪಿಗೆ ಏರಿಸಿದ. "ಇದೆಲ್ಲ ಒಂದು ಗುಂಡಿ ಒತ್ತಿದ್ರೆ ನೀಟಾಗುತ್ತೆ ಭಾವ" ಎಂದು ಒತ್ತಿಯೇ ತೋರಿಸಿದ. ನಡುಕ ಮಾಯ. ಜೊತೆಗೆ ಇನ್ನೇನೋ ಮಾಯ. ಪೇಂಟರ್ ನೋಡಿ, "ಇದೂ ಬೇರೆ ಯಾರದ್ದೋ" ಎಂದು ಕಿಟಕಿಯ ಕಡೆಗೆ ತಿರುಗಿ ಕೂತ. ಅವಳಿಗೆ ರೇಗಿತು. ಯಾರ ಮೇಲೆ ಎಂದು ಕೇಳಬೇಡಿ. "ಮೊದಲಿನ ಹಾಗೇ ಮಾಡೋ. ಹೇಗೆ ಬರೆದಿದಾರೋ ಹಾಗೇ ಕತ್ತರಿಸಲಿ."

"ಅಕ್ಕಾ, ಅಂಚೆಲ್ಲ ಗರಗಸದ ಹಾಗೆ ಬರುತ್ತೆ."

"ಬರಲಿ. ಅವರದ್ದು ತಾನೆ."

ಭಾನುವಾರ ತಮ್ಮನಿಗೆ ಡ್ಯೂಟಿ. ಎಲ್ಲ ಹೊಂದಿಸಿಟ್ಟು, ಅಕ್ಕನನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದ: "ಎರಡೇ ಮಾತು. ಓಡ್ತಿರುವಾಗ ಬಿಟ್ಟು ಹೋಗಬೇಡ, ಇದು ಬೆಂಕಿ. ಇನ್ನೊಂದು, ಎಲ್ಲಾ ಸುತ್ತು ಮುಗಿಯೋವರೆಗೂ ಹಲಗೆ ಎತ್ತಬೇಡ. ಕೂದಲೆಳೆಯಷ್ಟು ಅಲ್ಲಾಡಿದ್ರೂ ಮುಂದಿನ ಸುತ್ತು ಪಕ್ಕಕ್ಕೆ ಬೀಳುತ್ತೆ."

"ನೋಡದೆ ಹೇಗೋ ಗೊತ್ತಾಗುತ್ತೆ?"

"ಕಡಿದಿದ್ರೆ ಅಕ್ಷರ ತಾನೇ ಕೆಳಗೆ ಜಾರುತ್ತೆ."

"ಜಾರದಿದ್ರೆ?"

"ಇನ್ನೊಂದು ಸುತ್ತು ಬಿಡು. ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ಎತ್ತಬೇಡ."

ಎತ್ತಬೇಡ ಎಂದು ಯಾರಿಗೆ ಹೇಳುತ್ತಿದ್ದಾನೆ! ಭಾನುವಾರ ಹಾಸ್ಟೆಲಿನ ತಿಂಡಿ, ಮಧ್ಯಾಹ್ನದ ಊಟ ಮುಗಿಸಿ ಓಡಿ ಬಂದು ಅವಳು ಯಂತ್ರ ಚಾಲೂ ಮಾಡಿದಳು. ನೀಲಿ ಚುಕ್ಕೆ ಹರಿಯಿತು, ಹೊಗೆ ಎದ್ದಿತು, ಸುಟ್ಟ ಮರದ ವಾಸನೆ. ಮೊದಲ ಸುತ್ತಿನವರೆಗೆ ಕೈಕಟ್ಟಿ ನಿಂತಳು. ಅದನ್ನು ನೋಡಿದ್ದರೆ ಹಾಸ್ಟೆಲಿನ ಹುಡುಗಿಯರು ನಂಬುತ್ತಿರಲಿಲ್ಲ. ಎರಡನೆಯ ಸುತ್ತು ಮುಗಿಯುತ್ತಿದ್ದಂತೆ ಕೈ ಕಡಿಯತೊಡಗಿತು. ತಳಕ್ಕೆ ಇಳಿಯಿತೋ ಇಲ್ಲವೋ? ಒಳಗೆ ಸೀಯುತ್ತಿದೆಯೋ ಏನೋ? ಆ ಸುತ್ತಿನ ಕೊನೆಗೆ ಯಂತ್ರವನ್ನು ನಿಲ್ಲಿಸಿ, ಒಂದು ಕಲ್ಲು ತೆಗೆದು, ದೋಸೆ ಮಗುಚುವ ಕೈಯನ್ನು ಹಲಗೆಯಡಿ ತೂರಿಸಿ, ಒಂದೇ ಒಂದು ಮೂಲೆ, ಇಷ್ಟೇ ಇಷ್ಟು ಎತ್ತಿದಳು. ಕಡಿದಿರಲಿಲ್ಲ. ಮೆಲ್ಲಗೆ ಅಲ್ಲೇ ಇಟ್ಟಳು. ಅಲ್ಲೇ ಇಟ್ಟೆ ಎಂದು ಆಣೆ ಮಾಡಿ ಹೇಳಬಲ್ಲಳು. ಆದರೆ ಮೂರನೆಯ ಸುತ್ತು ಹಳೆಯ ಗೆರೆಯನ್ನು ಬಿಟ್ಟು ಪಕ್ಕದಲ್ಲೇ ಹೊಸ ಗೆರೆ ಕೊರೆಯಿತು. ಹಲಗೆ ಹಾಳಾಯಿತು.

ಎರಡನೆಯ ಹಲಗೆಯನ್ನೂ ಹಾಗೇ ಹಾಳು ಮಾಡಿದಳು. ಈ ಸಲ ಕಲ್ಲು ತೆಗೆಯದೆ, ಬರೀ ಬೆರಳಿಂದ ಎತ್ತಿದ್ದೆನಲ್ಲ ಎಂದು ಯಂತ್ರದ ಜೊತೆಗೇ ಜಗಳಕ್ಕೆ ನಿಂತಳು. ಉಳಿದದ್ದು ಒಂದೇ ಹಲಗೆ, ಭಾನುವಾರ ಹಲಗೆಯಂಗಡಿಗೆ ರಜ. ಕಣ್ಣಲ್ಲಿ ನೀರು ಬಂತು. ಹೊಗೆಗೆ ಎಂದುಕೊಂಡಳು. ಕೊನೆಯದನ್ನು ಇಟ್ಟು, ಕಲ್ಲು ಹೇರಿ, ಗುಂಡಿ ಒತ್ತಿ, ಎರಡೂ ಕೈಯನ್ನು ಕಂಕುಳಲ್ಲಿ ಅವುಚಿಕೊಂಡಳು.

ಅಷ್ಟರಲ್ಲಿ ಹಾಸ್ಟೆಲಿನಿಂದ ಫೋನು. ಪಾತ್ರೆ ತೊಳೆಯುವವಳು ಕಿರುಚುತ್ತಿದ್ದಳು: "ಅಕ್ಕಾ, ಪಂದ್ಯಕ್ಕೆ ಹೋದ ಹುಡುಗಿಯರು ಗೆದ್ದು ಬೇಗ ಬಂದಿದಾರೆ, ಹಸಿವು ಅಂತ ತಲೆ ತಿಂತಿದಾರೆ. ವಾರ್ಡನ್ನು ನಿಮ್ಮನ್ನೇ ಕೇಳ್ತಿದಾರೆ!" ಹೋಗದೆ ಇರುವಂತಿಲ್ಲ. ನಿಲ್ಲಿಸಿ ಹೋಗೋಣವೆಂದರೆ ಸುತ್ತಿನ ನಡುವೆ ನಿಲ್ಲಿಸಿದ ಕೆಲಸವನ್ನು ಮತ್ತೆ ಅದೇ ಗೆರೆಗೆ ತರುವ ವಿದ್ಯೆ ಅವಳಿಗೆ ಗೊತ್ತಿಲ್ಲ, ತಮ್ಮ ಫೋನು ಎತ್ತುತ್ತಿಲ್ಲ. ಬಿಟ್ಟು ಹೋಗೋಣವೆಂದರೆ ಬೆಂಕಿ. ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಎಂದು ಒದ್ದಾಡಿ, ಮುಂದಿನ ಕೋಣೆಗೆ ನುಗ್ಗಿದಳು.

"ರೀ, ಏಳಿ. ಆ ಯಂತ್ರದ ಹತ್ರ ಕೂತ್ಕೊಳ್ಳಿ."

"ನನ್ನಿಂದಾಗಲ್ಲ."

"ಏನೂ ಮಾಡೋದು ಬೇಡ. ಬಿಟ್ಟು ಏಳಬೇಡಿ. ಬೆಂಕಿ ಹತ್ತಿದ್ರೆ ಆರಿಸಿ, ನೀರು ಇಟ್ಟಿದೀನಿ. ಅಕ್ಷರ ಜಾರದಿದ್ರೆ ಇನ್ನೊಂದು ಸಲ ಆ ಗುಂಡಿ ಒತ್ತಿ. ಅಷ್ಟೇ."

"ಕೈ ನೋಡೇ ನನ್ನದು!"

"ಕೈ ಯಾಕೆ ಬೇಕು? ಇಲ್ಲಿ ಕೂತಿರೋದನ್ನ ಅಲ್ಲಿ ಕೂತ್ಕೊಳ್ಳಿ ಸ್ವಾಮಿ! ಕೂರೋದ್ರಲ್ಲಂತೂ ನಿಮ್ಮನ್ನ ಮೀರಿಸೋರಿಲ್ಲ!"

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅವನ ಮುಖ ಕಪ್ಪಿಟ್ಟಿತು. ಆದರೂ ಎದ್ದ. ಅವಳು ತಾನು ಹಾಕಿಕೊಂಡಿದ್ದ ಕಿತ್ತಳೆ ಕನ್ನಡಕ ತೆಗೆದು ಅವನ ಕಣ್ಣಿಗೆ ಹಾಕಿ, ಕಿವಿಯ ಹಿಂದೆ ಸರಿಮಾಡಿ, ತಿರುಗಿ ನೋಡದೆ ಬೀದಿಗೆ ಬಿದ್ದಳು.

ಹಾಸ್ಟೆಲಿನ ಅಡುಗೆಮನೆಯಲ್ಲಿ ಅವಳ ದೇಹ ಇತ್ತು, ಜೀವ ಹಿಂದಿನ ಕೋಣೆಯಲ್ಲಿತ್ತು. ತರಕಾರಿ ಹೆಚ್ಚುತ್ತ ಮನೆಗೆ ಫೋನು ಮಾಡಿದಳು, ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಬೇಳೆ ಹಾಕಿ ಮತ್ತೆ ಮಾಡಿದಳು, ಎತ್ತಲಿಲ್ಲ. ಎದ್ದು ಕುರ್ಚಿಗೆ ಹೋಗಿಬಿಟ್ಟರೋ? ಹಲಗೆ ಹೊತ್ತಿಕೊಂಡಿತೋ? ನಡುಗುವ ಕೈಯಲ್ಲಿ ನೀರಿನ ಬಕೆಟ್ಟನ್ನು ಹೇಗೆ ಎತ್ತುತ್ತಾರೆ, ನಾನೊಬ್ಬಳು ಮೂರ್ಖಳು! ಗಂಡನನ್ನು ಕೂರುವುದರಲ್ಲಿ ಶೂರ ಎಂದು ಹಂಗಿಸಿದ ಬಾಯಿಗೆ ಹುಳ ಬೀಳ, ಎಂದು ತನ್ನನ್ನೇ ಶಪಿಸಿಕೊಂಡಳು. "ಅಕ್ಕಾ, ಅನ್ನ ನೋಡಲ್ವಾ?" ಎಂದು ಪಾತ್ರೆ ತೊಳೆಯುವವಳು ಕೇಳಿದಾಗಲೇ ತಾನು ಒಂದು ಸಲವೂ ಮುಚ್ಚಳ ಎತ್ತಿಲ್ಲವೆಂದು ತಿಳಿದದ್ದು. ಎತ್ತಿದರೆ ಅನ್ನ ಬೆಂದಿತ್ತು. "ನೀನೇ ಬಡಿಸು!" ಎಂದವಳೇ ಹೊರಟಳು. ಸೊಂಟಕ್ಕೆ ಕಟ್ಟಿದ ಅಡುಗೆ ಬಟ್ಟೆಯನ್ನೂ ಬಿಚ್ಚಲಿಲ್ಲ.

ಬೀದಿಯ ತಿರುವಿನಿಂದಲೇ ಹಿಂದಿನ ಕಿಟಕಿ ಕಂಡಿತು. ಹೊಗೆ ಇರಲಿಲ್ಲ. ಇರಬೇಕಿತ್ತೋ, ಇರಬಾರದಿತ್ತೋ? ಇಲ್ಲದಿದ್ದರೆ ಮುಗಿದಿದೆ, ಅಥವಾ ನಿಲ್ಲಿಸಿ ಎದ್ದು ಹೋಗಿದ್ದಾರೆ. ಓಡಿದಳು. ಬಾಗಿಲು ತಳ್ಳಿ, ಚಪ್ಪಲಿ ಹಾಕಿಕೊಂಡೇ ಒಳಗೆ ನುಗ್ಗಿದಳು.

ಯಂತ್ರ ನಿಂತಿತ್ತು. ಪೇಂಟರ್ ಕಿಟಕಿಯ ಕೆಳಗೆ ನೆಲದ ಮೇಲೆ ಕೂತಿದ್ದ, ಕಿತ್ತಳೆ ಕನ್ನಡಕವನ್ನು ಹಣೆಗೇರಿಸಿಕೊಂಡು. ಮೂಗಿನ ಮೇಲೆ ಮಸಿ, ಅಂಗಿಯ ಮೇಲೆ ಮಸಿ. ಮುಂದೆ ಹಳೆಯ ಬಟ್ಟೆಯ ಮೇಲೆ ನಾಲ್ಕು ಅಕ್ಷರಗಳು ಬಿಡಿಬಿಡಿಯಾಗಿ ಮಲಗಿದ್ದವು.

"ಫೋನು ಯಾಕೆ ಎತ್ತಲಿಲ್ಲ?" ಏದುಸಿರು ಬಿಡುತ್ತ ಕೇಳಿದಳು.

"ಬಿಟ್ಟು ಏಳಬೇಡಿ ಅಂದವಳು ನೀನೇ. ಫೋನು ಆ ಕೋಣೇಲಿತ್ತು." ತಲೆ ಎತ್ತದೆ ಅಂದ. "'ಸೂ'ನ ಬಾಲ ಬಿಡ್ತಿರಲಿಲ್ಲ. ಅಲ್ಲಿ ಪದರದ ಒಳಗೆ ಗೋಂದು ಗಂಟು ಕಟ್ಟಿತ್ತು ಅನ್ಸುತ್ತೆ. ಇನ್ನೊಂದು ಸುತ್ತು ಬಿಟ್ಟೆ, ಜಾರಿ ಬಿತ್ತು."

"ಎತ್ತಿ ನೋಡಲೇ ಇಲ್ವಾ?"

"ಯಾಕೆ ನೋಡ್ಬೇಕು?" ಎಂದು ಅವನು ನಿಜವಾಗಿಯೂ ಅರ್ಥವಾಗದೆ ಕೇಳಿದ.

ಆಗ ಅವಳು ಅವನ ಕೈ ನೋಡಿದಳು. ಮರಳುಕಾಗದವನ್ನು ಒಂದು ಮರದ ತುಂಡಿಗೆ ಸುತ್ತಿ ಹಿಡಿದಿದ್ದ. ಕೈ ನಡುಗುತ್ತಲೇ ಇತ್ತು, ಏನೂ ಕಡಿಮೆಯಾಗಿರಲಿಲ್ಲ. ಆದರೆ ತುಂಡು ಅಕ್ಷರದ ಅಂಚಿಗೆ ಒರಗಿಕೊಂಡು ಹೋಗುತ್ತಿತ್ತು, ಬರುತ್ತಿತ್ತು. ಗರಗಸದಂಥ ಹಲ್ಲುಗಳು ಕಪ್ಪು ಪುಡಿಯಾಗಿ ಉದುರುತ್ತಿದ್ದವು. ಕೆಳಗೆ, ಅವನು ಮುಗಿಸಿದ ಕಡೆ, ಬಾಲದ ಬಾಗು ಔಷಧಿ ಅಂಗಡಿಯ ಬೋರ್ಡಿನಲ್ಲಿದ್ದಂತೆಯೇ ಕಾಲು ಚಾಚಿಕೊಂಡು ಬಂದಿತ್ತು. ಎಲ್ಲಿ ಹೆಚ್ಚು ತಿಕ್ಕಬೇಕು, ಎಲ್ಲಿ ಬಿಡಬೇಕು ಎಂಬುದು ಕಣ್ಣಿಗೆ ಗೊತ್ತಿತ್ತು. ಕಣ್ಣು ನಡುಗುತ್ತಿರಲಿಲ್ಲವಲ್ಲ.

"ಕುಂಚಕ್ಕೆ ಒರಗೋಕೆ ಏನೂ ಇರಲ್ಲ ಕಣೇ," ಅಂದ. ತನಗೇ ಹೇಳಿಕೊಂಡಂತಿತ್ತು. "ಗಾಳೀಲಿ ಎಳೀಬೇಕು. ಇದಕ್ಕೆ ಅಂಚಿದೆ. ಕೈ ಎಷ್ಟು ಕುಣಿದ್ರೂ ಅಂಚು ಬಿಟ್ಟು ಹೋಗಲ್ಲ. ತಿಕ್ಕೋದು ಅಂದ್ರೆ ಕುಣಿಸೋದೇ ತಾನೆ? ಪುಕ್ಕಟೆ ಮೋಟಾರು ಸಿಕ್ಕಿದ ಹಾಗಾಯ್ತು."

ಅವನು ಹಾಸ್ಯ ಮಾಡಿದ್ದ! ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಡುಕ ನಾಳೆ ಇನ್ನೂ ಹೆಚ್ಚಬಹುದು, ಈ ಕೆಲಸಕ್ಕೂ ಬಾರದಷ್ಟು ಹೆಚ್ಚಬಹುದು ಎಂದು ಡಾಕ್ಟರು ಹೇಳಿದ್ದು ಅವಳಿಗೆ ನೆನಪಿತ್ತು. ಅದಕ್ಕೇ ಕ್ಷಮೆ ಈಗಲೇ ಕೇಳಬೇಕು ಎನಿಸಿತು. ಹೋಗುವಾಗ ಏನೋ ಅಂದುಬಿಟ್ಟೆ ಕಣ್ರೀ, ಎಂದು ಶುರುಮಾಡಲು ಬಾಯಿ ತೆರೆದಳು. ಹಾಗೇ ಅವನ ಮೇಲೆ ಬಗ್ಗಿ ನಿಂತಳು, ನಾಲ್ಕೂ ಅಕ್ಷರಗಳ ಮೇಲೆ ಅವಳ ನೆರಳು ಬಿತ್ತು.

ಅವನು ತಿಕ್ಕುವುದನ್ನು ನಿಲ್ಲಿಸಿದ. ಎಷ್ಟೋ ತಿಂಗಳಿಂದ ಅವಳು ಕೇಳದಿದ್ದ ದನಿಯಲ್ಲಿ, ಏಣಿಯ ಮೇಲಿಂದ ಇಡೀ ಬೀದಿಗೆ ಕೇಳುವಂತೆ ಗದರುತ್ತಿದ್ದ ಆ ದನಿಯಲ್ಲಿ, "ಬೆಳಕಿಗೆ ಅಡ್ಡ ನಿಂತು ಏನೇ ನೋಡ್ತೀಯ? ಹೊತ್ತು ಮುಳುಗ್ತಾ ಇದೆ, ನನಗಿನ್ನೂ ಮೂರು ಅಕ್ಷರ ಇದೆ. ಆ ಕಡೆ ಸರಿ!" ಎಂದು ರೇಗಿದ.

"ಸರಿದೆ ಮಾರಾಯರೇ, ಸರಿದೆ" ಎಂದು ಅವಳು ಗೋಡೆಗೆ ಅಂಟಿಕೊಂಡು ನಿಂತು, ಸೊಂಟದ ಅಡುಗೆ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡಳು.